ಚುಕ್ಕೆಗಳ ಒಳಗಿನ ಜಾಗ

ನಮ್ಮ ಚಿಗವ್ವನ ಮುಂಗೈ ಮೇಲೆ ಐದು ಹಚ್ಚೆ ಚುಕ್ಕೆಗಳಿವೆ. ಮದುವೆಗೆ ಮುಂಚೆ ಮೈಲಾರ ಮಲ್ಲಣ್ಣನ ಜಾತ್ರೆಯಲ್ಲಿ ಹಾಕಿಸಿಕೊಂಡದ್ದು. ಎದೆಯ ಮೇಲೆ ಇನ್ನೂ ಮೂರಿವೆ. ಎಳ್ಳಿಗಿಂತ ಸಣ್ಣವು, ನೀಲಿಗಪ್ಪು. ಇವನ್ನು ಹಾಕಿದ್ದು ಹೈದರಾಬಾದಿನ ಆಸ್ಪತ್ರೆಯೊಂದರ ನೆಲಮಾಳಿಗೆಯಲ್ಲಿ, 2013ರಲ್ಲಿ. ಎಡ ಎದೆಯ ಗಂಟು ತೆಗೆದಾದ ಮೇಲೆ "ಕರೆಂಟ್ ಕೊಡಬೇಕು" ಅಂದಿದ್ದರು. ಬೀದರ್ ಕಡೆ ರೇಡಿಯೇಶನ್ ಚಿಕಿತ್ಸೆಗೆ ಹೆಸರೇ ಕರೆಂಟ್. ಯಂತ್ರ ಓಡುವುದು ವಿದ್ಯುತ್ತಿನಿಂದ ಎಂಬುದನ್ನು ಬಿಟ್ಟರೆ ಅದಕ್ಕೂ ಇದಕ್ಕೂ ಸಂಬಂಧವಿಲ್ಲ. ಮೈಯೊಳಗೆ ಹೋಗುವುದು ಎಕ್ಸ್‌ರೇ ಜಾತಿಯದೇ ಕಿರಣ, ಅದಕ್ಕಿಂತ ಬಹಳ ಬಲದ್ದು. ದಿನಾ ಅದೇ ಜಾಗಕ್ಕೆ, ಅದೇ ಓರೆಯಲ್ಲಿ ಬೀಳಬೇಕು. ಅದಕ್ಕೇ ಶಾಯಿ ಚುಚ್ಚಿ ಗುರುತು ಮಾಡುತ್ತಾರೆ. ಗೋಡೆಯಿಂದ ಬರುವ ಲೇಸರ್ ಗೆರೆಗಳು ಆ ಚುಕ್ಕೆಗಳ ಮೇಲೆ ಸರಿಯಾಗಿ ಬಂದು ಕೂತ ಮೇಲೆಯೇ ಟೆಕ್ನಿಷಿಯನ್ ಹೊರಗೆ ಹೋಗಿ ಬಾಗಿಲು ಹಾಕಿಕೊಳ್ಳುವುದು. ಹೀಗೆ 25 ಸಲ.

ಕೆಲವು ತಿಂಗಳ ಹಿಂದೆ ಚಿಗವ್ವ ಸ್ನಾನದ ಮನೆಯಿಂದ ಕರೆದಳು. ಕೆಳಗಿನ ಚುಕ್ಕೆಯ ಪಕ್ಕ ಎಂಟಾಣೆ ಅಗಲದ ಕಡುನೀಲಿ ಕಲೆ. ನನ್ನ ಮುಖ ನೋಡಿ ಅವಳಿಗೇ ನಗು ಬಂತು. "ಬಸ್ಸಿನ್ಯಾಗ ರಾಡ್ ಬಡೀತು ಯವ್ವಾ. ಅದಕ್ಕ ಇಷ್ಟ್ಯಾಕ ಗಾಬರಿ?" ನಾನು ಫೋನಿನಲ್ಲಿ ಫೋಟೋ ತೆಗೆದು, ಕಲೆಯ ಅಂಚಿಗೆ ಬಾಲ್ ಪೆನ್ನಿನಿಂದ ಗೆರೆ ಹಾಕಿದೆ. ನಾಲ್ಕನೆಯ ದಿನಕ್ಕೆ ಅಂಚು ಹಸಿರಾಯಿತು, ವಾರ ಕಳೆದ ಮೇಲೆ ಹಳದಿ, ಹನ್ನೆರಡನೆಯ ದಿನ ಏನೂ ಇರಲಿಲ್ಲ. ರಕ್ತ ಹೆಪ್ಪುಗಟ್ಟಿ ಕರಗುವ ಕಲೆ ಹೀಗೇ ಬಣ್ಣ ಬದಲಿಸುತ್ತ ಹೋಗುತ್ತದೆ. ನಾನು ಹೆದರಿದ್ದ ಕಾಯಿಲೆಯ ಕಲೆ ಬಣ್ಣ ಬದಲಿಸುವುದಿಲ್ಲ, ಹೋಗುವುದೂ ಇಲ್ಲ. ಅದು ಪೆನ್ನಿನ ಗೆರೆ ದಾಟುತ್ತದೆ.

ಆ ಕಾಯಿಲೆಯ ಹೆಸರು ಆಂಜಿಯೋಸಾರ್ಕೋಮಾ, ಅಂದರೆ ರಕ್ತನಾಳಗಳ ಸಾರ್ಕೋಮಾ. ಕ್ಯಾನ್ಸರಿಗೆ ಕೊಟ್ಟ ವಿಕಿರಣವೇ ವರ್ಷಗಳ ಮೇಲೆ, ಅಪರೂಪಕ್ಕೆ, ಬೇರೆಯದೇ ಒಂದು ಕ್ಯಾನ್ಸರಿಗೆ ಕಾರಣವಾಗುತ್ತದೆ. ಅಂಥವುಗಳಲ್ಲಿ ಇದೊಂದು. ಅವುಗಳಲ್ಲಿ ಸಾರ್ಕೋಮಾ ಜಾತಿಯವಕ್ಕೆ ಒಟ್ಟಾಗಿ ವಿಕಿರಣಸಂಬಂಧಿ ಸಾರ್ಕೋಮಾ ಎನ್ನುತ್ತಾರೆ. ಬೀದರ್, ಕಲಬುರಗಿ, ರಾಯಚೂರಿನ ಕಡೆಯಿಂದ ಕ್ಯಾನ್ಸರ್ ಚಿಕಿತ್ಸೆಗೆ ಹೈದರಾಬಾದಿಗೆ ಬರುವವರು ನಿಜಾಮರ ಕಾಲದ ರೂಢಿಯನ್ನೇ ಮುಂದುವರಿಸಿದ್ದಾರೆ. ನಮಗೆ ಬೆಂಗಳೂರಿಗಿಂತ ಇದೇ ಹತ್ತಿರ. ಕರೆಂಟ್ ಮುಗಿಸಿ ಊರಿಗೆ ಮರಳಿದವರು ಹತ್ತು ವರ್ಷದ ಮೇಲೆ ಮೈಮೇಲೆ ಏನನ್ನೋ ಕಂಡರೆ ತೋರಿಸುವುದು ಊರಿನ ಡಾಕ್ಟರಿಗೆ. ಅವರಿಗೆ ಹಳೆಯ ಕಥೆ ಗೊತ್ತಿರುವುದಿಲ್ಲ. ಈ ಲೇಖನ ಬರೆಯಲು ಅದೇ ಕಾರಣ.

ಸಾರ್ಕೋಮಾ ಎಂದರೆ

ನಾವು ದಿನಾ ಕೇಳುವ ಬಾಯಿ, ಗರ್ಭಕೊರಳು, ಹೊಟ್ಟೆ, ಸ್ತನದ ಕ್ಯಾನ್ಸರುಗಳು ಹುಟ್ಟುವುದು ಹೊದಿಕೆಯ ಜೀವಕೋಶಗಳಲ್ಲಿ, ಅಂದರೆ ಅಂಗಗಳ ಒಳಗೋಡೆ, ಗ್ರಂಥಿ, ನಾಳಗಳ ಅಸ್ತರಿನಲ್ಲಿ. ಸಾರ್ಕೋಮಾ ಹುಟ್ಟುವುದು ಅಸ್ತರಿನ ಹಿಂದಿನ ಕಟ್ಟಡದಲ್ಲಿ: ಸ್ನಾಯು, ಕೊಬ್ಬು, ರಕ್ತನಾಳ, ನರದ ಹೊದಿಕೆ, ನಾರು, ಮೂಳೆ. ಮೂಳೆ ಬಿಟ್ಟು ಉಳಿದವಕ್ಕೆ ಮೃದು ಅಂಗಾಂಶದ ಸಾರ್ಕೋಮಾ ಎಂಬ ಹೆಸರು. ದೊಡ್ಡವರ ಕ್ಯಾನ್ಸರುಗಳಲ್ಲಿ ಇದರ ಪಾಲು ನೂರಕ್ಕೆ ಒಂದರಷ್ಟು. ಆ ಒಂದರೊಳಗೇ ಐವತ್ತಕ್ಕೂ ಹೆಚ್ಚು ಬಗೆ. ಅದರಲ್ಲೂ ವಿಕಿರಣದಿಂದ ಬಂದದ್ದು ಸಣ್ಣದೊಂದು ಪಾಲು. ತಾಲ್ಲೂಕು ಆಸ್ಪತ್ರೆಯ ಡಾಕ್ಟರೊಬ್ಬರು ತಮ್ಮ ಇಡೀ ವೃತ್ತಿಜೀವನದಲ್ಲಿ ಒಂದನ್ನೂ ಕಾಣದೆ ನಿವೃತ್ತರಾಗಬಹುದು. ಗುರುತಿಸದಿದ್ದರೆ ಅವರದು ತಪ್ಪಲ್ಲ.

ವಿಕಿರಣ ಚಿಕಿತ್ಸೆ ಕೆಲಸ ಮಾಡುವುದು ಡಿಎನ್ಎ ಹರಿದು. ಡಿಎನ್ಎ ಎರಡು ಎಳೆಯ ಹಗ್ಗ. ಒಂದೇ ಎಳೆ ಹರಿದರೆ ಜೀವಕೋಶ ಸುಲಭವಾಗಿ ಸರಿಮಾಡಿಕೊಳ್ಳುತ್ತದೆ. ಎರಡೂ ಒಂದೇ ಕಡೆ ಹರಿದರೆ ಕಷ್ಟ. ಕ್ಯಾನ್ಸರ್ ಕೋಶಗಳಿಗೆ ರಿಪೇರಿ ಅಷ್ಟಾಗಿ ಬರುವುದಿಲ್ಲ, ಒಡೆದುಕೊಳ್ಳಲು ಹೋದಾಗ ಸಾಯುತ್ತವೆ. ಸುತ್ತಲಿನ ಆರೋಗ್ಯದ ಕೋಶಗಳು ರಾತ್ರಿಯೆಲ್ಲ ಕೂತು ಸರಿಮಾಡಿಕೊಳ್ಳುತ್ತವೆ. ಇಡೀ ಪ್ರಮಾಣವನ್ನು ಒಂದೇ ದಿನ ಕೊಡದೆ ದಿನಕ್ಕಿಷ್ಟು ಎಂದು ಹಂಚುವುದು ಆ ರಾತ್ರಿಗಳಿಗಾಗಿ.

ಬಾವಿಯ ಹಗ್ಗ ಹರಿದಾಗ ಗಂಟು ಹಾಕಿದವರಿಗೆ ಗೊತ್ತು: ಗಂಟಿನಲ್ಲಿ ಒಂದು ಗೇಣು ಹಗ್ಗ ನುಂಗಿಹೋಗುತ್ತದೆ. ಎರಡು ಕಡೆ ಹರಿದಿದ್ದರೆ ನಡುವಿನ ತುಂಡು ತಿರುಗಾಮುರುಗಾ ಸೇರಿಬಿಡುವುದೂ ಉಂಟು. ಡಿಎನ್ಎಯಲ್ಲಿ ಆಗುವುದೂ ಇದೇ. ಇಂಗ್ಲೆಂಡಿನ ಸ್ಯಾಂಗರ್ ಸಂಸ್ಥೆಯ ಸಂಶೋಧಕರು 2016ರಲ್ಲಿ, ವಿಕಿರಣ ಚಿಕಿತ್ಸೆಯ ನಂತರ ಬಂದ 12 ಗಡ್ಡೆಗಳ ಇಡೀ ಡಿಎನ್ಎ ಓದಿ ಎರಡು ಗುರುತು ಕಂಡುಕೊಂಡರು. ಒಂದು, ಅಲ್ಲಲ್ಲಿ ಸಣ್ಣ ಸಣ್ಣ ತುಂಡು ಕಳೆದಿರುವುದು. ಇನ್ನೊಂದು, ಒಂದು ಭಾಗ ತಲೆಕೆಳಗಾಗಿ ಜೋಡಿಕೊಂಡಿರುವುದು. ಕಿರಣ ಹಾದುಹೋದದ್ದಕ್ಕೆ ಸಾಕ್ಷಿ ಡಿಎನ್ಎಯಲ್ಲೇ ಉಳಿದಿತ್ತು.

ಹೀಗೆ ನುಂಗಿಹೋದ ತುಂಡು ಯಾವುದೋ ಕೆಲಸಕ್ಕೆ ಬಾರದ ಜಾಗದ್ದಾದರೆ ಏನೂ ಆಗುವುದಿಲ್ಲ. ಕೋಶದ ಬೆಳವಣಿಗೆಗೆ ಬ್ರೇಕ್ ಹಾಕುವ ಜೀನಿನದಾದರೆ ಆ ಕೋಶ ಅರ್ಧ ದಾರಿ ತಪ್ಪಿದಂತೆ. ಮತ್ತೊಂದೆರಡು ತಪ್ಪು ಕೂಡಿಕೊಳ್ಳಬೇಕು, ಒಂದು ಕೋಶ ಕೋಟಿಗಟ್ಟಲೆ ಆಗಬೇಕು. ಅದಕ್ಕೇ ಇಷ್ಟು ವರ್ಷ ಹಿಡಿಯುವುದು. ಈ ಸಾರ್ಕೋಮಾ ಎಷ್ಟೋ ಸಲ ಕಿರಣ ಬಿದ್ದ ಜಾಗದ ನಟ್ಟನಡುವೆ ಅಲ್ಲ, ಅಂಚಿನಲ್ಲಿ ಕಾಣಿಸಿಕೊಳ್ಳುತ್ತದೆ. ಇದಕ್ಕೆ ಕೊಡುವ ಒಂದು ವಿವರಣೆ ಹೀಗೆ: ನಡುವಿನ ಕೋಶಗಳಲ್ಲಿ ಹೆಚ್ಚಿನವು ಪೂರ್ತಿ ಪೆಟ್ಟು ತಿಂದು ಸತ್ತಿರುತ್ತವೆ. ಅಂಚಿನವು ಸಾಯುವಷ್ಟೂ ಅಲ್ಲ, ಸುಮ್ಮನಿರುವಷ್ಟೂ ಅಲ್ಲ ಎಂಬಂತೆ ಗಾಯಗೊಂಡು ಬದುಕಿರುತ್ತವೆ. ಚಿಗವ್ವನ ಆ ಮೂರು ಚುಕ್ಕೆಗಳು ನನಗೆ ಮುಖ್ಯವಾದದ್ದು ಇದರಿಂದ. ಎಲ್ಲಿ ನೋಡಬೇಕು ಎಂಬುದಕ್ಕೆ ಅವೇ ಗಡಿಕಲ್ಲು.

ನ್ಯೂಯಾರ್ಕಿನ ಮೆಮೋರಿಯಲ್ ಆಸ್ಪತ್ರೆಯ ವಿಲಿಯಂ ಕಾಹನ್ ಮತ್ತು ಜೊತೆಗಾರರು 1948ರಲ್ಲಿ ಇಂಥ 11 ಮೂಳೆ ಸಾರ್ಕೋಮಾಗಳ ವಿವರ ಬರೆದರು. ಯಾವುದನ್ನು ವಿಕಿರಣದ ಲೆಕ್ಕಕ್ಕೆ ಬರೆಯಬಹುದು ಎಂದು ಅವರು ಹೇಳಿದ ನಿಯಮಗಳು ಚೂರುಪಾರು ಬದಲಾಗಿ ಇಂದಿಗೂ ನಡೆಯುತ್ತಿವೆ: ಗಡ್ಡೆ ಕಿರಣ ಬಿದ್ದ ಜಾಗದಲ್ಲೇ ಇರಬೇಕು, ನಡುವೆ ವರ್ಷಗಳು ಕಳೆದಿರಬೇಕು, ಸೂಕ್ಷ್ಮದರ್ಶಕದಲ್ಲಿ ಅದು ಮೊದಲಿನ ಕಾಯಿಲೆಗಿಂತ ಬೇರೆಯದೇ ಎಂದು ಸಾಬೀತಾಗಿರಬೇಕು. ಅವರು ಕೇಳಿದ್ದು 5 ವರ್ಷದ ಅಂತರ. ಈಗ ಮೂರು ನಾಲ್ಕು ವರ್ಷವಾದರೂ ಒಪ್ಪುತ್ತಾರೆ, ಸಾಮಾನ್ಯವಾಗಿ ಹತ್ತರ ಆಸುಪಾಸು. ಆ ಲೇಖನದ ಲೇಖಕರಲ್ಲಿ ಫ್ರೆಡ್ ಸ್ಟೀವರ್ಟ್ ಎಂಬ ರೋಗಶಾಸ್ತ್ರಜ್ಞರೂ ಒಬ್ಬರು. ಅದೇ ವರ್ಷ ಅವರು ನಾರ್ಮನ್ ಟ್ರೀವ್ಸ್ ಜೊತೆ ಮತ್ತೊಂದನ್ನು ವರದಿ ಮಾಡಿದರು: ಸ್ತನ ತೆಗೆದ ಮೇಲೆ ಕೈ ವರ್ಷಗಟ್ಟಲೆ ಬಾತುಕೊಂಡೇ ಇದ್ದರೆ, ಆ ಬಾವಿನಲ್ಲೇ ನಾಳಗಳ ಸಾರ್ಕೋಮಾ ಬರಬಹುದು. ಅಲ್ಲಿ ಮುಖ್ಯ ಕಾರಣ ಕಿರಣವಲ್ಲ, ನಿಂತುಹೋದ ದುಗ್ಧರಸ. ಆದರೂ ಬಾತ ಕೈಯ ಮೇಲೆ ನೇರಳೆ ಕಲೆ ಎದ್ದರೆ ಓಡಬೇಕಾದ್ದು ಅದೇ ಬಾಗಿಲಿಗೆ.

ಎಷ್ಟು ಹೆದರಬೇಕು?

ನೆದರ್ಲೆಂಡ್ಸಿನಲ್ಲಿ ಇಡೀ ದೇಶದ ಕ್ಯಾನ್ಸರ್ ದಾಖಲೆ ಒಂದೇ ಕಡೆ ಇರುತ್ತದೆ. 2019ರಲ್ಲಿ ಅಲ್ಲಿಂದ ಒಂದು ಲೆಕ್ಕ ಬಂತು. ಸ್ತನ ಕ್ಯಾನ್ಸರಿಗೆ ವಿಕಿರಣ ಪಡೆದ ಸುಮಾರು 1.84 ಲಕ್ಷ ಹೆಂಗಸರಲ್ಲಿ ಆಂಜಿಯೋಸಾರ್ಕೋಮಾ ಬಂದದ್ದು 209 ಮಂದಿಗೆ. ಸಾವಿರಕ್ಕೆ ಒಬ್ಬರು ಎಂದುಕೊಳ್ಳಿ. ಕಾಣಿಸಿಕೊಂಡದ್ದು ಸಾಮಾನ್ಯವಾಗಿ 8 ವರ್ಷದ ಹೊತ್ತಿಗೆ.

ಇದರ ಎದುರಿಗೆ ಇಡಬೇಕಾದ ಇನ್ನೊಂದು ಲೆಕ್ಕ ಇದೆ. ಗಂಟು ಮಾತ್ರ ತೆಗೆದು ಸ್ತನ ಉಳಿಸಿಕೊಂಡ 10,801 ಹೆಂಗಸರ ಮೇಲಿನ 17 ಪ್ರಯೋಗಗಳನ್ನು ಒಟ್ಟುಗೂಡಿಸಿ 2011ರಲ್ಲಿ ನೋಡಿದರು. ವಿಕಿರಣ ಪಡೆಯದವರಲ್ಲಿ ಹತ್ತು ವರ್ಷದೊಳಗೆ ಕಾಯಿಲೆ ಮರಳಿದ್ದು 100ಕ್ಕೆ 35 ಜನಕ್ಕೆ, ಪಡೆದವರಲ್ಲಿ 19ಕ್ಕೆ. ಹದಿನೈದು ವರ್ಷದಲ್ಲಿ ಆ ಕಾಯಿಲೆಯಿಂದ ಸತ್ತವರು 25ರಿಂದ 21ಕ್ಕೆ ಇಳಿದರು. ಸಾವಿರ ಹೆಂಗಸರ ಲೆಕ್ಕಕ್ಕೆ ತಂದರೆ ಸುಮಾರು 40 ಜೀವ ಉಳಿದವು, ಒಬ್ಬರಿಗೆ ಹೊಸ ಕಾಯಿಲೆ ಬಂತು. ಕರೆಂಟ್ ಬೇಡ, ಅದರಿಂದಲೇ ಕ್ಯಾನ್ಸರ್ ಬರುತ್ತದಂತೆ ಎಂದು ಅರ್ಧಕ್ಕೆ ಬಿಟ್ಟು ಊರಿಗೆ ಹೋಗುವವರಿಗೆ ನಾನು ಹೇಳುವುದು ಈ ಎರಡು ಸಂಖ್ಯೆಯನ್ನು. ಬೇರೆ ವಾದ ಮಾಡುವುದಿಲ್ಲ.

ಇನ್ನು ಎಕ್ಸ್‌ರೇ, ಸಿಟಿ ಸ್ಕ್ಯಾನ್ ವಿಷಯ. ಚಿಗವ್ವನ ಎದೆಗೆ ಬಿದ್ದದ್ದು ಒಟ್ಟು 50 ಗ್ರೇ. ಗ್ರೇ ಎಂದರೆ ಮೈ ಹೀರಿಕೊಂಡ ವಿಕಿರಣದ ಅಳತೆ. ಎದೆಯ ಒಂದು ಎಕ್ಸ್‌ರೇಯದು ಅದರ ಲಕ್ಷದ ಒಂದು ಪಾಲಿಗಿಂತಲೂ ಕಡಿಮೆ. ಚಿಕಿತ್ಸೆಯ ನಂತರದ ಸಾರ್ಕೋಮಾಗಳು ಬಹುತೇಕ ಎಲ್ಲವೂ ಹತ್ತಾರು ಗ್ರೇ ಬಿದ್ದ ಜಾಗದವು. ಅದಕ್ಕಿಂತ ತೀರ ಕಡಿಮೆ ಪ್ರಮಾಣದಲ್ಲಿ ಅಪಾಯ ಸೊನ್ನೆಯೇ ಎಂದೇನೂ ಅಲ್ಲ. ಹಿರೋಶಿಮಾ, ನಾಗಾಸಾಕಿಯ ಬದುಕುಳಿದ ಸುಮಾರು 80 ಸಾವಿರ ಜನರನ್ನು ದಶಕಗಟ್ಟಲೆ ಹಿಂಬಾಲಿಸಿದಾಗ 104 ಮೃದು ಅಂಗಾಂಶದ ಸಾರ್ಕೋಮಾ ಸಿಕ್ಕವು; ಒಂದು ಗ್ರೇ ಬಿದ್ದವರಿಗೆ ಅಪಾಯ ಹೆಚ್ಚುಕಡಿಮೆ ಇಮ್ಮಡಿ. ಆದರೆ ಮೂಲದಲ್ಲೇ ಲಕ್ಷಕ್ಕೆ ಕೆಲವರಿಗೆ ಬರುವ ಕಾಯಿಲೆ ಇಮ್ಮಡಿಯಾದರೂ ಅಪರೂಪವೇ. ಕೇರಳದ ಕರುನಾಗಪಳ್ಳಿಯ ಕಡಲತೀರದ ಮರಳಿನಲ್ಲಿ ಥೋರಿಯಂ ತುಂಬಿದೆ, ತಲೆತಲಾಂತರದಿಂದ ಜನ ಅದರ ಮೇಲೆಯೇ ಬದುಕಿದ್ದಾರೆ. ಅವರಲ್ಲಿ ಕ್ಯಾನ್ಸರ್ ಹೆಚ್ಚಿದ್ದು ಕಂಡಿಲ್ಲ ಎಂದು 2009ರಲ್ಲಿ ಪ್ರಕಟವಾದ ಅಧ್ಯಯನ ಹೇಳಿತು. ಮೊಬೈಲ್ ಟವರಿನ ಅಲೆಗಳಿಗಂತೂ ಡಿಎನ್ಎ ಹರಿಯುವ ಶಕ್ತಿಯೇ ಇಲ್ಲ, ಅದು ಬೇರೆ ಜಾತಿ.

ವಿಕಿರಣ ಸೂಸುವ ವಸ್ತುವೇ ಮೈಯೊಳಗೆ ಸೇರಿ ಕೂತರೆ ಕಥೆ ಬೇರೆ. ಹೈದರಾಬಾದಿನ ರೆಡ್ ಹಿಲ್ಸಿನಲ್ಲಿರುವ ಎಂಎನ್‌ಜೆ ಆಸ್ಪತ್ರೆ, ನಮ್ಮ ಕಡೆಯ ಬಡವರಿಗೆ ದೊಡ್ಡ ಆಸರೆ. 1955ರಲ್ಲಿ ಶುರುವಾದಾಗ ಅದರ ಹೆಸರಿನಲ್ಲೇ ರೇಡಿಯಂ ಇತ್ತು: ಮೆಹದಿ ನವಾಜ್ ಜಂಗ್ ರೇಡಿಯಂ ಸಂಸ್ಥೆ. ಆಗ ರೇಡಿಯಂ ಎಂದರೆ ಕ್ಯಾನ್ಸರಿನ ಮದ್ದು. ಅದಕ್ಕೂ ಮುಂಚೆ, 1920ರ ದಶಕದಲ್ಲಿ, ಅಮೆರಿಕದ ಗಡಿಯಾರ ಕಾರ್ಖಾನೆಗಳ ಹುಡುಗಿಯರು ಕತ್ತಲಲ್ಲಿ ಹೊಳೆಯುವ ಅಂಕಿ ಬರೆಯಲು ರೇಡಿಯಂ ಬಣ್ಣದ ಕುಂಚವನ್ನು ತುಟಿಯಲ್ಲಿ ಚೂಪು ಮಾಡಿಕೊಳ್ಳುತ್ತಿದ್ದರು. ಹೊಟ್ಟೆಗೆ ಹೋದ ರೇಡಿಯಂ ಕ್ಯಾಲ್ಸಿಯಂನಂತೆ ಮೂಳೆ ಸೇರಿತು. ಹಲವರಿಗೆ ದವಡೆ ಕೊಳೆಯಿತು, ಕೆಲವರಿಗೆ ಮೂಳೆ ಸಾರ್ಕೋಮಾ ಬಂತು. 1930ರಿಂದ ಐವತ್ತರ ದಶಕದವರೆಗೆ ರಕ್ತನಾಳ ಎಕ್ಸ್‌ರೇಯಲ್ಲಿ ಕಾಣಲೆಂದು ಥೋರೋಟ್ರಾಸ್ಟ್ ಎಂಬ ಥೋರಿಯಂ ದ್ರವವನ್ನು ಹಲವು ದೇಶಗಳಲ್ಲಿ ಚುಚ್ಚಿದರು. ಅದು ಯಕೃತ್ತಿನಲ್ಲಿ ಕೂತು ಇಪ್ಪತ್ತು ಮೂವತ್ತು ವರ್ಷದ ಮೇಲೆ ಅಲ್ಲಿನ ರಕ್ತನಾಳಗಳ ಆಂಜಿಯೋಸಾರ್ಕೋಮಾ ತಂದಿತು. ಅಂದ ಹಾಗೆ, ಗಾಡಿಯ ನಂಬರ್ ಪ್ಲೇಟಿಗೆ ಅಂಟಿಸುವ "ರೇಡಿಯಂ" ಸ್ಟಿಕ್ಕರಿನಲ್ಲಿ ರೇಡಿಯಂ ಒಂದು ಕಣವೂ ಇಲ್ಲ; ಬೆಳಕು ಮರಳಿಸುವ ಪ್ಲಾಸ್ಟಿಕ್ ಅದು. ಹೆಸರು ಮಾತ್ರ ಗಡಿಯಾರದ ಕಾಲದಿಂದ ಉಳಿದುಕೊಂಡಿದೆ.

ಎರಡು ಬೀಗದ ಬಾಗಿಲು

ಎಲ್ಲರಿಗೂ ಅಪಾಯ ಒಂದೇ ಅಲ್ಲ. ಅದನ್ನು ತೋರಿಸಿಕೊಟ್ಟದ್ದು ಪುಟ್ಟ ಮಕ್ಕಳ ಕಣ್ಣಿನ ಕ್ಯಾನ್ಸರ್, ರೆಟಿನೋಬ್ಲಾಸ್ಟೋಮಾ. ಇದಕ್ಕೆ ಹೈದರಾಬಾದ್ ದೇಶದ ದೊಡ್ಡ ಕೇಂದ್ರಗಳಲ್ಲಿ ಒಂದು. 1987ರಲ್ಲಿ ಬಂಜಾರಾ ಹಿಲ್ಸಿನಲ್ಲಿ ಶುರುವಾದ ಎಲ್.ವಿ. ಪ್ರಸಾದ್ ಕಣ್ಣಿನ ಸಂಸ್ಥೆಗೆ ಕಲಬುರಗಿ, ಯಾದಗಿರಿಯ ಹಳ್ಳಿಗಳಿಂದಲೂ ಮಕ್ಕಳನ್ನು ಎತ್ತಿಕೊಂಡು ಬರುತ್ತಾರೆ. ಫ್ಲ್ಯಾಶ್ ಹಾಕಿ ತೆಗೆದ ಫೋಟೋದಲ್ಲಿ ಒಂದು ಕಣ್ಣು ಕೆಂಪಾಗಿ, ಇನ್ನೊಂದು ಬೆಕ್ಕಿನ ಕಣ್ಣಿನಂತೆ ಬೆಳ್ಳಗೆ ಹೊಳೆಯುತ್ತಿದ್ದರೆ ಅದು ಮೊದಲ ಸುಳಿವು.

ನಮ್ಮ ಪ್ರತಿ ಜೀವಕೋಶದಲ್ಲೂ ಆರ್‌ಬಿ1 ಎಂಬ ಜೀನಿನ ಎರಡು ಪ್ರತಿ ಇರುತ್ತವೆ, ತಾಯಿಯದೊಂದು ತಂದೆಯದೊಂದು. ಒಂದೇ ಬಾಗಿಲಿಗೆ ಎರಡು ಬೀಗ ಎಂದುಕೊಳ್ಳಿ. ಎರಡೂ ಮುರಿದರೆ ಮಾತ್ರ ಕ್ಯಾನ್ಸರ್ ಒಳಗೆ ಬರುತ್ತದೆ. ಅಮೆರಿಕದ ಆಲ್ಫ್ರೆಡ್ ನಡ್ಸನ್ 1971ರಲ್ಲಿ ಈ ಕಾಯಿಲೆಯ ಲೆಕ್ಕ ಹಾಕುತ್ತಲೇ ಈ ತತ್ವ ಹೇಳಿದರು. ಈ ಕಾಯಿಲೆ ಬಂದವರಲ್ಲಿ ಸುಮಾರು 40 ಪ್ರತಿಶತ ಮಕ್ಕಳು ಹುಟ್ಟುವಾಗಲೇ ಒಂದು ಬೀಗ ಮುರಿದುಕೊಂಡು ಬಂದಿರುತ್ತಾರೆ, ಮತ್ತು ಅದು ಕಣ್ಣಿನಲ್ಲಷ್ಟೇ ಅಲ್ಲ, ಇಡೀ ಮೈಯ ಪ್ರತಿ ಕೋಶದಲ್ಲೂ. ಅಂಥ ಮಗುವಿನ ಕಣ್ಣಿಗೆ ಹೊರಗಿನಿಂದ ಕಿರಣ ಕೊಟ್ಟರೆ ಕಪೋಲ, ಮೂಗು, ಕಣ್ಣುಗೂಡಿನ ಮೂಳೆ ಮಾಂಸಗಳಲ್ಲಿ ಉಳಿದಿರುವ ಒಂದೇ ಬೀಗಕ್ಕೂ ಏಟು ಬೀಳುತ್ತದೆ. ಈ ಕಾಯಿಲೆ ಬಂದಿದ್ದ ಅಮೆರಿಕದ ಮಕ್ಕಳನ್ನು 50 ವರ್ಷದವರೆಗೂ ಹಿಂಬಾಲಿಸಿದ ಅಧ್ಯಯನ 2005ರಲ್ಲಿ ಬಂತು. ಆನುವಂಶಿಕ ಬಗೆಯವರಲ್ಲಿ, ಕಿರಣ ಪಡೆದ 100ರಲ್ಲಿ 38 ಜನಕ್ಕೆ ಮತ್ತೊಂದು ಕ್ಯಾನ್ಸರ್. ಕಿರಣವನ್ನೇ ಪಡೆಯದವರಲ್ಲಿ 21. ಆನುವಂಶಿಕವಲ್ಲದವರಲ್ಲಿ 6ರ ಒಳಗೆ. ಹಾಗೆ ಬಂದವುಗಳಲ್ಲಿ ಸಾರ್ಕೋಮಾಗಳದ್ದೇ ದೊಡ್ಡ ಪಾಲು. ಒಂದು ವರ್ಷ ತುಂಬುವ ಮೊದಲೇ ಕಿರಣ ಬಿದ್ದ ಕೂಸುಗಳಿಗೆ ಅಪಾಯ ಇನ್ನೂ ಹೆಚ್ಚು ಎಂದು ಕೆಲವು ಅಧ್ಯಯನಗಳು ಹೇಳುತ್ತವೆ.

ಈ ಅಪಾಯ ಗೊತ್ತಾಗುತ್ತ ಬಂದಂತೆ ಚಿಕಿತ್ಸೆಯೇ ಬದಲಾಯಿತು. ಈಗ ಮೊದಲು ಕಿಮೋ ಕೊಟ್ಟು ಗಡ್ಡೆ ಕುಗ್ಗಿಸುತ್ತಾರೆ, ಉಳಿದದ್ದನ್ನು ಲೇಸರಿನಿಂದ ಸುಡುತ್ತಾರೆ ಅಥವಾ ಮೈನಸ್ ಚಳಿಯಿಂದ ಹೆಪ್ಪುಗಟ್ಟಿಸುತ್ತಾರೆ. ಕೆಲವರಿಗೆ ಕಣ್ಣಿನ ರಕ್ತನಾಳಕ್ಕೇ ಕಿಮೋ. ವಿಕಿರಣ ಬೇಕೇ ಬೇಕಾದರೆ ಗುಂಡಿಯಂಥ ಒಂದು ಪುಟ್ಟ ಬಟ್ಟಲನ್ನು ಕಣ್ಣುಗುಡ್ಡೆಯ ಹೊರಗೋಡೆಗೆ ಹೊಲಿದು ಕೆಲವು ದಿನ ಬಿಟ್ಟು ತೆಗೆಯುತ್ತಾರೆ. ಅದರಲ್ಲಿ ರುಥೇನಿಯಂ-106 ಇರುತ್ತದೆ, ಕಿರಣ ಕೆಲವೇ ಮಿಲಿಮೀಟರ್ ಹೋಗಿ ನಿಲ್ಲುತ್ತದೆ. ಮುಂಬೈಯ ಭಾಭಾ ಪರಮಾಣು ಸಂಶೋಧನಾ ಕೇಂದ್ರ ಈ ಬಟ್ಟಲನ್ನು ಇಲ್ಲೇ ತಯಾರಿಸಿದೆ. ಹೊರಗಿನಿಂದ ಕಣ್ಣಿಗೆ ಕಿರಣ ಬಿಡುವುದು ಕೊನೆಯ ದಾರಿಯಾಗಿ ಉಳಿದಿದೆ. ಎರಡನೆಯ ಕ್ಯಾನ್ಸರಿನ ಭಯ ಮೊದಲನೆಯದರ ಚಿಕಿತ್ಸೆಯನ್ನು ಇಷ್ಟು ಚೆನ್ನಾಗಿ ತಿದ್ದಿದ ಉದಾಹರಣೆ ಇನ್ನೊಂದು ನನಗೆ ತಿಳಿದಿಲ್ಲ.

ಟಿಪಿ53 ಎಂಬ ಇನ್ನೊಂದು ಜೀನಿನಲ್ಲಿ ಹುಟ್ಟಿನಿಂದಲೇ ದೋಷವಿರುವ ಮನೆತನಗಳಿಗೂ ಇದೇ ಎಚ್ಚರಿಕೆ. ಮೂವತ್ತು ದಾಟದೆ ಸ್ತನ ಕ್ಯಾನ್ಸರ್ ಬಂದವರು, ಮನೆಯಲ್ಲಿ ಚಿಕ್ಕ ವಯಸ್ಸಿಗೇ ಸಾರ್ಕೋಮಾ, ಮೆದುಳಿನ ಗಡ್ಡೆ ಕಂಡವರು ಕರೆಂಟ್ ಶುರುವಾಗುವ ಮುಂಚೆಯೇ ಡಾಕ್ಟರಿಗೆ ಹೇಳಬೇಕು. "ನಮ್ಮಣ್ಣಗೂ ಹಿಂಗ ಆಗಿತ್ರೀ" ಎಂಬ ಒಂದು ಮಾತಿನಿಂದ ಇಡೀ ಯೋಜನೆ ಬದಲಾಗಬಹುದು.

ಕಂಡರೆ ಮಾಡುವುದೇನು

ಸ್ತನದಲ್ಲಾದರೆ ಗಂಟಿಗಿಂತ ಮುಂಚೆ ಚರ್ಮದ ಮೇಲೆ ಕಾಣುತ್ತದೆ. ನೇರಳೆ ಅಥವಾ ಕೆಂಪು ಮಚ್ಚೆ, ಸೊಳ್ಳೆ ಕಡಿದಂತೆ ಎರಡು ಮೂರು ಬೊಕ್ಕೆ, ಇಲ್ಲವೇ ಪೆಟ್ಟೇ ಬೀಳದೆ ಕಂದಿದ ಜಾಗ. ನೋವು ಇರಲೇಬೇಕೆಂದಿಲ್ಲ. ಮ್ಯಾಮೋಗ್ರಾಮಿನಲ್ಲಿ ಏನೂ ಕಾಣದೆ ಹೋಗಬಹುದು, ಆ ರಿಪೋರ್ಟ್ ನೋಡಿ ನೆಮ್ಮದಿಯಿಂದ ಕೂರುವಂತಿಲ್ಲ. ಗರ್ಭಕೊರಳಿಗೆ ಕರೆಂಟ್ ಪಡೆದವರಿಗೆ ಕಿಬ್ಬೊಟ್ಟೆ, ಪೃಷ್ಠದ ಆಳದಲ್ಲಿ, ಕುತ್ತಿಗೆಗೆ ಪಡೆದವರಿಗೆ ಅಲ್ಲಿಯೇ ಗಟ್ಟಿ ಗಡ್ಡೆ ಬೆಳೆಯಬಹುದು. ನಿಂಬೆಹಣ್ಣಿಗಿಂತ ದೊಡ್ಡದು, ದಿನೇದಿನೇ ಬೆಳೆಯುತ್ತಿರುವುದು, ಕೈಗೆ ಆಳದಲ್ಲಿ ಸಿಗುವುದು: ಇವುಗಳಲ್ಲಿ ಯಾವುದಿದ್ದರೂ ಕಾಯುವುದು ಬೇಡ. ಕರೆಂಟ್ ಕೊಟ್ಟ ಚರ್ಮ ಗಟ್ಟಿಯಾಗುವುದು, ಕಪ್ಪಾಗುವುದು, ಸಣ್ಣ ರಕ್ತನಾಳಗಳು ಜೇಡರ ಬಲೆಯಂತೆ ಕಾಣುವುದು ಸಾಮಾನ್ಯ. ಅವೆಲ್ಲ ಹಳೆಯ ಕುರುಹು. ನೋಡಬೇಕಾದ್ದು ಹೊಸದನ್ನು, ಎರಡು ಮೂರು ವಾರದಲ್ಲಿ ಹೋಗದ್ದನ್ನು.

ಇಲ್ಲಿ ಒಂದು ದೊಡ್ಡ ತಪ್ಪು ಆಗುವುದುಂಟು. ಊರಿನ ನರ್ಸಿಂಗ್ ಹೋಮಿನಲ್ಲಿ "ಕೊಬ್ಬಿನ ಗಂಟು, ತೆಗೆದುಬಿಡೋಣ" ಎಂದು ಅರ್ಧ ಗಂಟೆಯಲ್ಲಿ ತೆಗೆದುಬಿಡುತ್ತಾರೆ. ಸಾರ್ಕೋಮಾ ನೋಡಲು ನುಣ್ಣಗೆ, ಸಿಪ್ಪೆ ಇದ್ದಂತೆ ಇರುತ್ತದೆ. ಆ ಸಿಪ್ಪೆಯೇ ಕಾಯಿಲೆಯದು. ಹೊಲದಲ್ಲಿ ಕರಿಕೆ ಹುಲ್ಲನ್ನು ಮೇಲೆ ಹಿಡಿದು ಕಿತ್ತ ಹಾಗೆ, ಬೇರು ಒಳಗೇ ಉಳಿದು ಅಕ್ಕಪಕ್ಕಕ್ಕೆ ಹಬ್ಬುತ್ತದೆ. ಎರಡನೆಯ ಆಪರೇಶನ್ ಮೊದಲನೆಯದಕ್ಕಿಂತ ಎಷ್ಟೋ ದೊಡ್ಡದಾಗಿಬಿಡುತ್ತದೆ.

ಸರಿಯಾದ ಕ್ರಮದಲ್ಲಿ ಗಡ್ಡೆಯನ್ನು ಮುಟ್ಟುವ ಮೊದಲೇ ಎಂಆರ್‌ಐ ಮಾಡುತ್ತಾರೆ. ಆಮೇಲೆ ದಪ್ಪ ಸೂಜಿಯಿಂದ ದಾರದ ತುಂಡಿನಂಥ ಮಾಂಸ ತೆಗೆಯುತ್ತಾರೆ. ಸೂಜಿ ಹೋದ ದಾರಿಯನ್ನೂ ಮುಂದೆ ಕತ್ತರಿಸಿ ತೆಗೆಯಬೇಕಾದ್ದರಿಂದ ಎಲ್ಲಿ ಚುಚ್ಚಬೇಕೆಂಬುದನ್ನು ಆಪರೇಶನ್ ಮಾಡುವ ಡಾಕ್ಟರೇ ಹೇಳಿದರೆ ಒಳ್ಳೆಯದು. ಚರ್ಮದ ಕಲೆಯಾದರೆ ಚರ್ಮದ್ದೇ ಒಂದು ಚೂರು. ಲ್ಯಾಬಿನಲ್ಲಿ ನೋಡುವವರಿಗೂ ಇದು ಸುಲಭವಲ್ಲ, ಏಕೆಂದರೆ ವಿಕಿರಣದಿಂದ ರಕ್ತನಾಳಗಳು ಸುಮ್ಮನೆ ವಿಕಾರವಾಗಿ ಬೆಳೆಯುವುದೂ ಉಂಟು, ಅದು ಕ್ಯಾನ್ಸರ್ ಅಲ್ಲ. ವಿಕಿರಣದಿಂದ ಬಂದ ಆಂಜಿಯೋಸಾರ್ಕೋಮಾದಲ್ಲಿ ಬಹುತೇಕ ಎಮ್‌ವೈಸಿ ಎಂಬ ಜೀನಿನ ಪ್ರತಿಗಳು ಹತ್ತಾರು ಆಗಿರುತ್ತವೆ. ಅದಕ್ಕೆಂದೇ ಇರುವ ಬಣ್ಣ ಹಾಕಿದರೆ ಗೊತ್ತಾಗುತ್ತದೆ. ಚೀಟಿಯಲ್ಲಿ "ಈ ಜಾಗಕ್ಕೆ ಹಿಂದೆ ರೇಡಿಯೇಶನ್ ಆಗಿದೆ" ಎಂದು ಬರೆದಿದ್ದರೆ ಮಾತ್ರ ಅವರಿಗೆ ಆ ಬಣ್ಣ ಹಾಕುವ ಯೋಚನೆ ಬರುವುದು.

ಸಾರ್ಕೋಮಾ ಎಂದು ಖಚಿತವಾದರೆ ಶ್ವಾಸಕೋಶದ ಸಿಟಿ ಮಾಡಿಸುತ್ತಾರೆ, ಏಕೆಂದರೆ ಇದು ಹರಡುವುದು ಹೆಚ್ಚಾಗಿ ಅಲ್ಲಿಗೆ. ಮುಖ್ಯ ಚಿಕಿತ್ಸೆ ಆಪರೇಶನ್. ಸುತ್ತ ಆರೋಗ್ಯದ ಮಾಂಸದ ಅಂಚು ಬಿಟ್ಟು ಅಗಲವಾಗಿ ತೆಗೆಯಬೇಕು. ಸ್ತನದಲ್ಲಾದರೆ ಸ್ತನದ ಜೊತೆಗೆ ಕಿರಣ ಬಿದ್ದ ಚರ್ಮವನ್ನೂ ಸಾಧ್ಯವಾದಷ್ಟು ತೆಗೆದು, ಬೇರೆ ಕಡೆಯ ಚರ್ಮ ತಂದು ಹಾಕುತ್ತಾರೆ. ಅದೇ ಜಾಗಕ್ಕೆ ಮತ್ತೆ ವಿಕಿರಣ ಕೊಡುವುದಕ್ಕೆ ಮಿತಿ ಇದೆ, ಮಾಂಸ ಈಗಾಗಲೇ ತನ್ನ ಪಾಲಿನದನ್ನು ತಿಂದಾಗಿದೆ. ಹರಡಿದ್ದರೆ ಪ್ಯಾಕ್ಲಿಟ್ಯಾಕ್ಸೆಲ್, ಡಾಕ್ಸೋರುಬಿಸಿನ್‌ನಂಥ ಔಷಧಿ. ನೆದರ್ಲೆಂಡ್ಸಿನ ಆ 209 ಜನರಲ್ಲಿ ಐದು ವರ್ಷ ದಾಟಿದವರು ಸುಮಾರು 40 ಪ್ರತಿಶತ. ಬೇಗ ಸಿಕ್ಕು, ಪೂರ್ತಿ ತೆಗೆಯಲಾದವರ ಪಾಡು ಉಳಿದವರಿಗಿಂತ ಮೇಲು. ಇಂಥ ಆಪರೇಶನ್ ನಮ್ಮ ಕಡೆಯವರಿಗೆ ದೊಡ್ಡ ಕ್ಯಾನ್ಸರ್ ಆಸ್ಪತ್ರೆಯಲ್ಲೇ ಆಗಬೇಕು: ಹೈದರಾಬಾದಿನ ಎಂಎನ್‌ಜೆ, ಪಂಜಗುಟ್ಟದ ನಿಮ್ಸ್, ಬಸವತಾರಕಂ, ಇಲ್ಲವೇ ಬೆಂಗಳೂರಿನ ಕಿದ್ವಾಯಿ. ಕರ್ನಾಟಕದ ಆರೋಗ್ಯ ಕಾರ್ಡ್ ತೆಲಂಗಾಣದ ಆಸ್ಪತ್ರೆಯಲ್ಲಿ ನಡೆಯುತ್ತದೆಯೇ ಎಂಬುದನ್ನು ಹೊರಡುವ ಮೊದಲೇ ಫೋನ್ ಮಾಡಿ ಕೇಳಿಕೊಳ್ಳಿ. ರಾಜ್ಯದ ಗಡಿ ದಾಟುವಾಗ ಜನ ಎಡವುವುದು ಇಲ್ಲೇ.

ಆ ಒಂದು ಹಾಳೆ

ಮೇಲೆ ಹೇಳಿದ ಪ್ರತಿ ಹಂತದಲ್ಲೂ ಡಾಕ್ಟರು ಕೇಳುವ ಪ್ರಶ್ನೆ ಒಂದೇ: ಯಾವ ಜಾಗಕ್ಕೆ, ಎಷ್ಟು, ಯಾವಾಗ? ಉತ್ತರ ಇರುವುದು ಚಿಕಿತ್ಸೆ ಮುಗಿದ ದಿನ ಕೊಡುವ ರೇಡಿಯೇಶನ್ ಸಾರಾಂಶದ ಹಾಳೆಯಲ್ಲಿ. ಆಪರೇಶನ್ನಿನ ಡಿಸ್ಚಾರ್ಜ್ ಕಾರ್ಡ್ ಬೇರೆ, ಇದು ಬೇರೆ. ಎರಡೂ ಒಂದೇ ಎಂದುಕೊಂಡು ಎಷ್ಟೋ ಜನ ಇದನ್ನು ಕೇಳುವುದೇ ಇಲ್ಲ. 2002ರ ವೈದ್ಯಕೀಯ ಪರಿಷತ್ತಿನ ನಿಯಮದ ಪ್ರಕಾರ ಡಾಕ್ಟರು ಒಳರೋಗಿಗಳ ದಾಖಲೆಯನ್ನು ಇಟ್ಟುಕೊಳ್ಳಬೇಕಾದ್ದು ಚಿಕಿತ್ಸೆ ಶುರುವಾದ ದಿನದಿಂದ 3 ವರ್ಷ. ಕಾಯಿಲೆ ಬರುವುದು 8, 10, 20 ವರ್ಷದ ಮೇಲೆ. ಅದೇ ನಿಯಮ ಇನ್ನೊಂದು ಮಾತೂ ಹೇಳುತ್ತದೆ: ರೋಗಿ ಕೇಳಿದರೆ 72 ಗಂಟೆಯೊಳಗೆ ಪ್ರತಿ ಕೊಡಬೇಕು. ಮೂರು ವರ್ಷ ದಾಟುವ ಮುಂಚೆ ಕೇಳಿ ತಂದಿಟ್ಟುಕೊಳ್ಳುವುದು ನಮ್ಮ ಕೆಲಸ.

ಚಿಗವ್ವನ ಕಲೆ ಮಾಯವಾದ ವಾರ ನಾನು ಅವಳ ಟ್ರಂಕು ಬಿಚ್ಚಿದೆ. ಪಹಣಿ, ರೇಷನ್ ಕಾರ್ಡು, ಕಾಕಾನ ಹಳೆಯ ಪಾಸ್‌ಬುಕ್ಕುಗಳ ಕೆಳಗೆ ಸೀರೆ ಅಂಗಡಿಯ ಕವರಿನಲ್ಲಿ ಎಲ್ಲವೂ ಇತ್ತು, ಔಷಧಿ ಅಂಗಡಿಯ ಬಿಲ್ಲು ಕೂಡ. ಅವು ಥರ್ಮಲ್ ಕಾಗದದವು, ಬಿಳಿಯ ಚೀಟಿಯಾಗಿ ಹೋಗಿದ್ದವು. ಸಾರಾಂಶದ ಹಾಳೆ ಮಾತ್ರ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರಿನದು, ಅಕ್ಷರ ಗಟ್ಟಿಯಾಗಿಯೇ ಇದ್ದವು: ಎಡ ಸ್ತನ, 50 ಗ್ರೇ, 25 ಸಲ, ಶುರುವಾದ ದಿನ, ಮುಗಿದ ದಿನ. ಮೂರು ಪ್ರತಿ ಜೆರಾಕ್ಸ್ ಮಾಡಿಸಿದೆ, ಒಂದರ ಫೋಟೋ ತೆಗೆದು ಮನೆಯವರ ಫೋನಿಗೆಲ್ಲ ಕಳಿಸಿದೆ. ಅಸಲನ್ನು ಹೊಸ ಕವರಿಗೆ ಹಾಕಿ ಕೊಟ್ಟಾಗ ಚಿಗವ್ವ ಅದನ್ನು ಪಹಣಿಯ ಮೇಲಿಟ್ಟಳು, ಸೀರೆ ಅಂಗಡಿಯ ಕವರನ್ನು ಮಾತ್ರ ಬಿಸಾಡಲು ಬಿಡಲಿಲ್ಲ.